ಚಳಿಗಾಲದ ಹಾಜರಿ ಪುಸ್ತಕ

ಹೆಪ್ಸಿಬಾ ತನ್ನ ಮನೆಯಲ್ಲೇ ಶಾಲೆ ತೆರೆದು ಎಂಟು ತಿಂಗಳಾಗಿತ್ತು. ವಿದ್ಯಾರ್ಥಿಗಳು ಇಬ್ಬರೇ, ಹತ್ತು ವರ್ಷದ ರೂತ ಮತ್ತು ಏಳು ವರ್ಷದ ಆಶೇರ. ಇಬ್ಬರೂ ಅವಳ ಹೊಟ್ಟೆಯಲ್ಲೇ ಹುಟ್ಟಿದವರಾದ್ದರಿಂದ ಪ್ರವೇಶಕ್ಕೆ ನೂಕುನುಗ್ಗಲು ಇರಲಿಲ್ಲ. ಹೆಡ್‌ಮಿಸ್ಟ್ರೆಸ್ ಅವಳೇ, ಕಸ ಹೊಡೆಯುವವಳೂ ಅವಳೇ, ಬಿಸಿಯೂಟದ ಅಡುಗೆಯವಳೂ ಅವಳೇ. ಇಳಕಲ್ಲಿನ ನೇಕಾರರ ಓಣಿಯಲ್ಲಿ ಅವರದೊಂದು ಬಾಡಿಗೆ ಮನೆ. ಅದರ ಪಡಸಾಲೆಯೇ ಶಾಲೆ. ಪಕ್ಕದ ಮನೆಯ ಮಹಾನಂದಾಳ ಕೈಮಗ್ಗ ಮುಂಜಾನೆ ಎಂಟಕ್ಕೆ ಸದ್ದು ಶುರುಮಾಡಿತೆಂದರೆ ಗಂಟೆ ಹೊಡೆದ ಹಾಗೆ.

ಶಾಲೆ ತೆರೆಯಲು ಕಾರಣ ರೂತಳ ಹೊಟ್ಟೆನೋವು. ಊರಿನ ಒಂದು ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದ ದಿನಗಳಲ್ಲಿ ಆ ಹುಡುಗಿ ಯೂನಿಫಾರ್ಮ್ ಹಾಕಿದ ಕೂಡಲೇ ಹೊಟ್ಟೆ ಹಿಡಿದುಕೊಂಡು ಬಾಗಿಲ ಬಳಿ ಕೂತುಬಿಡುತ್ತಿದ್ದಳು. ದವಾಖಾನೆಯಲ್ಲಿ ತೋರಿಸಿದರೆ ಏನೂ ಇಲ್ಲ. ಆರು ತಿಂಗಳು ಕಳೆಯುವುದರೊಳಗೆ ಮಾತೂ ಬಿಟ್ಟಳು. ಕೇಳಿದ್ದಕ್ಕೆ ಹೂಂ, ಊಹೂಂ, ಅಷ್ಟೇ. ಶಾಲೆ ಬಿಡಿಸಿದ ಮೇಲೆ ನೋವು ಹೋಯಿತು, ಮಾತು ಬಂತು. ಈಗ ಅವಳ ಬಾಯಿ ಮುಚ್ಚಿಸಲು ಉಂಡಿ ತುರುಕಬೇಕು. ಹೀಗಾಗಿ ಏನಾದರೂ ಆಗಲಿ, ಈ ಶಾಲೆಯನ್ನು ಮಾತ್ರ ಮುಚ್ಚಬಾರದೆಂದು ಹೆಪ್ಸಿಬಾಳ ಹಟ.

ಮುಚ್ಚಿಸಬಲ್ಲವರು ಒಬ್ಬರೇ ಒಬ್ಬರು, ಅತ್ತೆ ರತ್ನಾಬಾಯಿ. ಬಾಗಲಕೋಟೆಯ ನವನಗರದಲ್ಲಿ ಹಿರಿಯ ಮಗನ ಮನೆಯಲ್ಲಿದ್ದ ಅವರು ಮೂವತ್ತಮೂರು ವರ್ಷ ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದವರು. ನಿವೃತ್ತಿಯಾಗಿ ಒಂಬತ್ತು ವರ್ಷವಾದರೂ ಅವರು ಬಸ್ ಹತ್ತಿದರೆ ಕಂಡಕ್ಟರ್ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದ. ಸೊಸೆ ಮಕ್ಕಳನ್ನು ಶಾಲೆ ಬಿಡಿಸಿದ ಸುದ್ದಿ ಕೇಳಿದಾಗ ಅವರು ಕೂಗಾಡಲಿಲ್ಲ. ಒಂದು ಹಾಜರಿ ಪುಸ್ತಕ ತಂದು ಕೈಗಿಟ್ಟಿದ್ದರು.

"ದಿನಾ ಹಾಜರಿ ತುಂಬು. ಏನ್ ಕಲಿಸಿದಿ ಅನ್ನೂದನ್ನ ಮುಂದ ಬರಿ. ಮುಂದಿನ ವರ್ಷ ಫೆಬ್ರುವರಿ ಮೊದಲನೇ ಸೋಮವಾರ ನಾ ಬಂದು ಪುಸ್ತಕಾನೂ ನೋಡ್ತೇನಿ, ಹುಡುಗೂರ ಪರೀಕ್ಷಾನೂ ಮಾಡ್ತೇನಿ. ಪಾಸಾದ್ರ ಮನ್ಯಾಗ. ಇಲ್ಲಂದ್ರ ಜೂನಿಗೆ ಸಾಲ್ಯಾಗ."

ಗ್ರಾನೈಟ್ ಪಾಲಿಶ್ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದ ಗಂಡ ಸಂತೋಷಕುಮಾರ ಅವತ್ತು ತಲೆಯಾಡಿಸಿದ್ದ. ಅವನ ತಲೆಯಾಟದ ಗುಣವೇನೆಂದರೆ ತಾಯಿಗೆ ಅದು ಹೌದು ಎಂದೂ ಹೆಂಡತಿಗೆ ಇಲ್ಲ ಎಂದೂ ಕಾಣುತ್ತಿತ್ತು.

ಮೊದಮೊದಲು ಎಲ್ಲ ಸರಿಯಾಗಿಯೇ ನಡೆಯಿತು. ಹಳಿ ತಪ್ಪಿದ್ದು ಈ ಡಿಸೆಂಬರಿನಲ್ಲಿ. ಹೆಪ್ಸಿಬಾಳ ಫೋನಿನಲ್ಲಿ ಮನೆಯಲ್ಲೇ ಮಕ್ಕಳಿಗೆ ಕಲಿಸುವ ಕ್ರೈಸ್ತ ತಾಯಂದಿರ ಒಂದು ಗುಂಪಿತ್ತು. ಅದರಲ್ಲಿ ಯಾವುದೋ ಹಿಮದ ದೇಶದ ತಾಯಿ ಬರೆದ ಸಂದೇಶವೊಂದು ಕೈಯಿಂದ ಕೈಗೆ ದಾಟಿ ಇಳಕಲ್ಲಿಗೆ ಬಂತು. ಚಳಿಗಾಲದಲ್ಲಿ ಮಣ್ಣು ಮಲಗುತ್ತದೆ, ಮರ ಮಲಗುತ್ತದೆ, ನಾವೂ ಪುಸ್ತಕ ಮುಚ್ಚಿಟ್ಟು ಬೆಂಕಿಯ ಮುಂದೆ ಕೂತು ವಿಶ್ರಮಿಸೋಣ ಎಂದು ಅದರ ಸಾರಾಂಶ. ಮಾಳಿಗೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತ, ಹಸಿಕಡಲೆ ಸುಲಿದು ತಿನ್ನುತ್ತ ಅದನ್ನು ಓದಿದ ಹೆಪ್ಸಿಬಾಳ ಕಣ್ಣು ತುಂಬಿಬಂತು. ಇಲ್ಲಿಯ ಎರೆಹೊಲಗಳು ಬಿಳಿಜೋಳ, ಕಡಲೆ ಹೊತ್ತು ದುಡಿಯುವುದೇ ಚಳಿಗಾಲದಲ್ಲಿ ಎಂಬುದು ಹೊಳೆಯಲಿಲ್ಲ. ಆಗ ಬಾಯಲ್ಲಿದ್ದದ್ದೇ ಆ ಕಡಲೆಯಾದರೂ ಹೊಳೆಯಲಿಲ್ಲ. ಇಳಕಲ್ಲಿನಲ್ಲಿ ಆಕಾಶದಿಂದ ಬೆಳ್ಳಗೆ ಇಳಿಯುವುದೆಂದರೆ ಕಲ್ಲು ಕೊಯ್ಯುವ ಕಾರ್ಖಾನೆಗಳ ಧೂಳು. ಅಂದು ಅದೂ ಅವಳಿಗೆ ಹಿಮದ ಹಾಗೆ ಕಂಡಿತು.

ತಪ್ಪು ಅವಳದೊಬ್ಬಳದೇ ಅಲ್ಲ. ಬಾದಾಮಿಯಲ್ಲಿ ಅವಳನ್ನು ಬೆಳೆಸಿದ ಅಜ್ಜಿಯ ಪಾಲೂ ಇತ್ತು. ಅಜ್ಜಿಯ ಕತೆಗಳಲ್ಲಿ ಬಾಯಿಂದ ಬಿದ್ದ ಮಾತು ನೆಲ ಮುಟ್ಟುವುದರೊಳಗೆ ನಿಜವಾಗುತ್ತಿತ್ತು. ರಾಜ "ಅರಮನೆಯಾಗಲಿ" ಅಂದರೆ ಅರಮನೆ. ಗೌಂಡಿ, ಸುಣ್ಣ, ಕಲ್ಲು ಯಾವುದೂ ಬೇಡ. ಅಂಥ ಕತೆ ಕೇಳಿ ದೊಡ್ಡವಳಾದ ಹೆಪ್ಸಿಬಾ, ವಿಶ್ರಾಂತಿಯ ನಡುವೆ ಕೆಲಸದ ಕಿರಿಕಿರಿ ಇರಬಾರದೆಂದು ಡಿಸೆಂಬರ್ ಮೊದಲ ವಾರ ಒಂದೇ ಕೂಡ್ರಿಕೆಯಲ್ಲಿ ಹಾಜರಿ ಪುಸ್ತಕವನ್ನು ಜನವರಿ ಮೂವತ್ತೊಂದರವರೆಗೆ ತುಂಬಿಬಿಟ್ಟಳು. ಒಂದು ಚೌಕವನ್ನೂ ಖಾಲಿ ಬಿಡಲಿಲ್ಲ. ಮಕ್ಕಳು ಇರುವುದು ಮನೆಯಲ್ಲಿ, ಶಾಲೆ ಇರುವುದೂ ಮನೆಯಲ್ಲಿ, ಅಂದ ಮೇಲೆ ಗೈರುಹಾಜರಾಗಲು ಅವರು ಹೋಗುವುದಾದರೂ ಎಲ್ಲಿಗೆ? ಏನು ಕಲಿಸಿದೆ ಎಂಬ ಅಂಕಣದಲ್ಲಿ ಮುಂದೆ ಕಲಿಸಬೇಕಾದದ್ದನ್ನೆಲ್ಲ ದುಂಡು ಅಕ್ಷರದಲ್ಲಿ ಬರೆದಳು. ಬರೆದ ಮೇಲೆ ಕಲಿಸಿದಷ್ಟೇ ಸುಸ್ತಾಯಿತು. ಕಲಿಸಿದಷ್ಟೇ ಸಮಾಧಾನವೂ ಆಯಿತು.

ಕ್ರಿಸ್‌ಮಸ್ಸಿಗೆ ನಾಲ್ಕು ದಿನ ಬಾಗಲಕೋಟೆಗೆ ಹೋಗಿ ಬಂದರು. ಹೊರಡುವಾಗ ರತ್ನಾಬಾಯಿ ಕರ್ಚಿಕಾಯಿ ಡಬ್ಬಿಯನ್ನು ಚೀಲದಲ್ಲಿಡುತ್ತ ಕೇಳಿದರು.

"ಸಾಲಿ ಯಾವಾಗ ಶುರು?"

"ಜನವರಿ ಐದಕ್ಕ ರೀ ಅತ್ತಿ. ಸೋಮವಾರ."

"ಬರದ ಇಡು."

ಬರೆದೇ ಇಟ್ಟಿದ್ದಳಲ್ಲ!

ಆದರೆ ನಡುವೆ ಹೊಸ ವರ್ಷ ಬಂತು. ಹೊಸ ವರ್ಷದ ಮುಂಜಾನೆ ಚರ್ಚಿನ ಸಭೆಯಲ್ಲಿ ಪ್ರತಿಯೊಬ್ಬರೂ ತಟ್ಟೆಯಿಂದ ಬೈಬಲ್ ವಚನ ಬರೆದ ಒಂದೊಂದು ವಾಗ್ದಾನದ ಚೀಟಿ ಎತ್ತುವುದು ರೂಢಿ. ಬಂದ ಚೀಟಿಯನ್ನು ಇಡೀ ವರ್ಷ ತನಗೆಂದೇ ದೇವರು ಹೇಳಿದ ಮಾತೆಂದು ಇಟ್ಟುಕೊಳ್ಳಬೇಕು. ಹೆಪ್ಸಿಬಾಳಿಗೆ ಬಂದದ್ದು ದಣಿದವರಿಗೆ ವಿಶ್ರಾಂತಿ ಸಿಗುವುದೆಂಬ ಚೀಟಿ. ಅವಳು ಅದನ್ನು ಎದೆಗೊತ್ತಿಕೊಂಡಳು. ಹೊರಗೆ ಬಂದವಳೇ ಗಂಡನಿಗೆ ತೋರಿಸಿದಳು.

"ನೋಡ್ರಿ. ನಾ ಕೇಳಿಲ್ಲ, ಬೇಡಿಲ್ಲ. ತಾನಾಗೇ ಬಂದೈತಿ. ಸಂಕ್ರಾಂತಿ ಮಟಾ ರಜಾ ಇರಲಿ ಅಂತೈತಿ ದೇವರ ಮನಸ್ಸಿನ್ಯಾಗ."

"ಚೀಟ್ಯಾಗ ಸಂಕ್ರಾಂತಿ ಅಂತ ಬರದೈತೇನು?" ಅಂದ ಸಂತೋಷಕುಮಾರ.

"ಅರ್ಥಾ ಮಾಡ್ಕೋಬೇಕು."

"ನಂದ್ರಾಗ ಪ್ರಯಾಸಪಟ್ಟು ದುಡಿ ಅಂತ ಬಂದೈತಿ. ಹಂಗಾರ ನಾನೊಬ್ಬನ ದುಡೀಬೇಕು ಅಂತ ಅರ್ಥ ಆತು."

ಸಂಕ್ರಾಂತಿಗೆ ಮಹಾನಂದಾ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನೆಕಾಯಿ ಪಲ್ಯ, ಗುರೆಳ್ಳು ಚಟ್ನಿ ತಂದುಕೊಟ್ಟಳು. ಅಷ್ಟನ್ನು ಉಂಡ ಮಕ್ಕಳಿಗೆ ಮಗ್ಗಿ ಹೇಳಿಸುವುದು ಕ್ರೌರ್ಯವೆನಿಸಿತು. ರೊಟ್ಟಿ ಮುಗಿಯುವ ಹೊತ್ತಿಗೆ ಗಣರಾಜ್ಯೋತ್ಸವ ಸಮೀಪಿಸಿತ್ತು. ಸರಕಾರವೇ ರಜೆ ಕೊಡುವ ದಿನದ ಹಿಂದಿನ ವಾರ ಶಾಲೆ ತೆರೆಯುವುದು ಯಾವ ದೇಶಭಕ್ತಿ? ಆ ವಾರ ಹೆಪ್ಸಿಬಾ ಸುಮ್ಮನೆ ಕೂಡ್ರಲಿಲ್ಲ. ಡ್ರಾಯಿಂಗ್ ಹಾಳೆಯ ಮೇಲೆ ಹೊಸ ವೇಳಾಪಟ್ಟಿ ಬರೆದಳು. ಬೆಳಗಿನ ಐದೂವರೆಗೆ ಏಳುವುದು ಕೇಸರಿ ಬಣ್ಣದಲ್ಲಿ, ಪ್ರಾರ್ಥನೆ ನೀಲಿಯಲ್ಲಿ, ಗಣಿತ ಕೆಂಪಿನಲ್ಲಿ, ಪ್ರಕೃತಿ ವೀಕ್ಷಣೆ ಹಸಿರಿನಲ್ಲಿ. ಅಂಚಿಗೆ ಇಳಕಲ್ ಸೀರೆಯ ದಡಿ ಬಿಡಿಸಿದಳು. ನಾಲ್ಕು ದಿನ ಹಿಡಿಯಿತು. ಆ ಶಾಲೆಯಲ್ಲಿ ಆ ವರ್ಷ ಯಾರಾದರೂ ಮನಸ್ಸಿಟ್ಟು ಮಾಡಿದ ಕೆಲಸವೆಂದರೆ ಅದೊಂದೇ.

ಇಪ್ಪತ್ತೇಳನೇ ತಾರೀಖು ಮಂಗಳವಾರ ಐದೂವರೆಗೆ ಅಲಾರಂ ಹೊಡೆಯಿತು. ಎದ್ದವನು ಸಂತೋಷಕುಮಾರ. ಅವನು ಅಲಾರಂ ಬಂದ್ ಮಾಡಿ, ಚಹಾ ಕುಡಿದು, ಕಾರ್ಖಾನೆಗೆ ಹೋದ. ಹೆಡ್‌ಮಿಸ್ಟ್ರೆಸ್‌ಗೆ ಎಚ್ಚರವಾದದ್ದು ಮಹಾನಂದಾಳ ಮಗ್ಗದ ಸದ್ದಿಗೆ.

ಒಂಬತ್ತಕ್ಕೆ ಪ್ರಾರ್ಥನೆ. ಆಶೇರ ಕಣ್ಣು ಮುಚ್ಚಿ ಕೈ ಜೋಡಿಸಿದ. "ದೇವರ, ಇವತ್ತ ಮಮ್ಮಿಗೆ ಆರಾಮ ಇರಲಿ. ಆರಾಮ ಇಲ್ಲಂದ್ರೂ ನಡೀತೈತಿ, ಸಾಲಿ ಇರಂಗಿಲ್ಲ."

"ಆಶೇರ."

"ಆಮೆನ್."

ಗಣಿತಕ್ಕೆ ಕೂತರೆ ರೂತಳಿಗೆ ಭಾಗಾಕಾರ ಅರ್ಧಂಬರ್ಧ ಮರೆತುಹೋಗಿತ್ತು. ಹೆಪ್ಸಿಬಾ ಗದರಿಸಲಿಲ್ಲ. ಕತೆಯ ಮೂಲಕ ಕಲಿಸೋಣವೆಂದು, ಒಬ್ಬ ರಾಜನಿಗೆ ಹದಿನೆಂಟು ಮಂದಿ ಮಕ್ಕಳು, ಅವರಿಗೆ ಹಂಚಲು ಏಳು ಸಾವಿರ ಹೊನ್ನು ಎಂದು ಶುರುಮಾಡಿದಳು. ಹದಿನೆಂಟನೆಯವಳು ಹೂವಿನೊಳಗೆ ಹುಟ್ಟಿದವಳು. ಅವಳನ್ನು ರಾಕ್ಷಸ ಮಲಪ್ರಭೆಯ ಆಚೆಗೆ ಹೊತ್ತೊಯ್ದ. ಪಟ್ಟದಕಲ್ಲಿನ ಬಳಿ ಒಂದು ಮುದಿ ಗಿಳಿ ಸಿಕ್ಕಿತು. ಹನ್ನೆರಡೂವರೆಗೆ ರಾಜಕುಮಾರಿ ಮನೆಗೆ ಬಂದಳು. ಹೊನ್ನು ಹಂಚುವುದು ಯಾರಿಗೂ ನೆನಪಾಗಲಿಲ್ಲ.

ಬುಧವಾರ, ಗುರುವಾರ, ಶುಕ್ರವಾರವೂ ಹೀಗೇ ಹೋದವು. ಹತ್ತಕ್ಕೆ ಶುರುವಾದರೆ ಹನ್ನೊಂದಕ್ಕೆ ಹಸಿವು. ಪ್ರಕೃತಿ ವೀಕ್ಷಣೆಯಲ್ಲಿ ಮಹಾನಂದಾಳ ಆಡು ಆಶೇರನ ವಹಿಯ ಎರಡು ಹಾಳೆ ತಿಂದಿತು. ಶನಿವಾರ ಫೋನ್ ಬಂತು.

"ಸೋಮವಾರ ಮುಂಜಾನಿ ಎಂಟರ ಬಸ್ಸಿಗೆ ಹೊಂಡತೇನಿ," ಅಂದರು ರತ್ನಾಬಾಯಿ. "ಹುಡುಗೂರಿಗೆ ಹೇಳು, ಹೆದರಬ್ಯಾಡ ಅಂತ."

ಹೆದರಬೇಕಾದವರು ಯಾರೆಂದು ಹೆಪ್ಸಿಬಾಳಿಗೆ ಗೊತ್ತಿತ್ತು. ಆದರೂ ಒಂದು ಧೈರ್ಯವಿತ್ತು. ಪರೀಕ್ಷೆಯ ಅರ್ಧ ಭಾಗ ಹಾಜರಿ ಪುಸ್ತಕ, ಅದು ಅಚ್ಚುಕಟ್ಟಾಗಿ ತುಂಬಿದೆ. ತುಂಬಿದ ಮೇಲೆ ಅವಳು ಅದನ್ನು ಒಮ್ಮೆಯೂ ತೆರೆದು ನೋಡಿರಲಿಲ್ಲ.

ಸೋಮವಾರ ಹನ್ನೊಂದಕ್ಕೆ ರತ್ನಾಬಾಯಿ ಬಂದರು. ಕೈಯಲ್ಲಿ ಕೆಂಪು ಪೆನ್ನು, ಚೀಲದಲ್ಲಿ ಮೊಮ್ಮಕ್ಕಳಿಗೆ ಪೇರಲಕಾಯಿ. ಹುನಗುಂದದಲ್ಲಿ ಬಸ್ಸು ಅರ್ಧ ತಾಸು ನಿಂತದ್ದಕ್ಕೆ ಸಿಟ್ಟಾಗಿದ್ದರು. ಮಗ ಅಂದು ರಜೆ ಹಾಕಿ ಮನೆಯಲ್ಲಿದ್ದ, ಗೋಡೆಗಂಟಿದ ಕ್ಯಾಲೆಂಡರಿನ ಹಾಗೆ ಒಂದು ಮೂಲೆಯಲ್ಲಿ. ನೀರು, ಚಹಾ ಆದ ಮೇಲೆ ಅತ್ತೆ ಚಾಪೆಯ ಮೇಲೆ ಕೂತು ಕನ್ನಡಕ ಏರಿಸಿದರು.

"ಪುಸ್ತಕ."

ಹೆಪ್ಸಿಬಾ ಕೊಟ್ಟಳು. ಅತ್ತೆ ಒಂದೊಂದೇ ಹಾಳೆ ತಿರುವಿದರು. ಜೂನ್, ಜುಲೈ, ಆಗಸ್ಟ್. ಹೂಂ, ಹೂಂ ಅಂದರು. ಡಿಸೆಂಬರಿಗೆ ಬಂದು ನಿಂತರು. ಬೆರಳು ಒಂದು ಚೌಕದ ಮೇಲೆ ಕೂತಿತು.

"ಹೆಪ್ಸಿಬಾ."

"ರೀ ಅತ್ತಿ."

"ಡಿಸೆಂಬರ್ ಇಪ್ಪತ್ತೈದು. ರೂತ ಹಾಜರ. ಆಶೇರ ಹಾಜರ. ಉದ್ದ ಭಾಗಾಕಾರ, ಪುನರಾವರ್ತನೆ." ಕನ್ನಡಕದ ಮೇಲಿನಿಂದ ನೋಡಿದರು. "ಅವತ್ತ ನೀವು ನಾಕೂ ಮಂದಿ ನಮ್ಮ ಮನ್ಯಾಗ ಕುಂತು ಬಿರಿಯಾನಿ ಉಂಡೀರಲ್ಲವಾ. ಭಾಗಾಕಾರ ಯಾವಾಗ ಮಾಡಿಸಿದಿ? ಚರ್ಚಿನ್ಯಾಗೋ, ಊಟದಾಗೋ?"

ಅತ್ತೆ ಮತ್ತೆ ಓದಿದರು.

"ಇಪ್ಪತ್ತೆಂಟು, ಭಾನುವಾರ. ಹಾಜರ. ವ್ಯಾಕರಣ. ಜನವರಿ ನಾಕು, ಭಾನುವಾರ. ಹಾಜರ. ಹನ್ನೊಂದು, ಭಾನುವಾರ. ಹಾಜರ. ಅಲ್ಲವಾ, ಆರು ದಿನದಾಗ ಜಗತ್ತು ಮಾಡಿ ದೇವರ ಒಂದು ದಿನ ಸುಮ್ನ ಕುಂತ. ನಿನ್ನ ಸಾಲ್ಯಾಗ ಆತಗೂ ರಜಾ ಇಲ್ಲೇನು?"

ಮೂಲೆಯಲ್ಲಿ ಸಂತೋಷಕುಮಾರ ಕೆಮ್ಮಿದ. ಆಶೇರ ಪೇರಲಕಾಯಿ ಕಡಿಯುವುದನ್ನು ನಿಲ್ಲಿಸಿದ. ರೂತ ತಾಯಿಯ ಮುಖ ನೋಡುತ್ತಿದ್ದಳು. ಅವಳ ಬಲಗೈ ಮೆಲ್ಲಗೆ ಹೊಟ್ಟೆಯ ಮೇಲೆ ಬಂದು ಕೂತಿತ್ತು.

ಹೆಪ್ಸಿಬಾಳಿಗೆ ಒಂದೇ ಗಳಿಗೆಯಲ್ಲಿ ಮೂರು ಸುಳ್ಳು ಹೊಳೆದವು. ಬಾಗಲಕೋಟೆಯಲ್ಲಿ ಮಾಳಿಗೆಯ ಮೇಲೆ ಕೂಡ್ರಿಸಿ ಮಾಡಿಸಿದೆ ಅನ್ನಬಹುದು. ತಾರೀಖು ತಪ್ಪಿ ಬಿತ್ತು ಅನ್ನಬಹುದು. ಭಾನುವಾರದ್ದು ಸಂಡೇ ಸ್ಕೂಲಿನ ಪಾಠವೆನ್ನಬಹುದು, ವ್ಯಾಕರಣದ ಗತಿ ಏನೋ ಆಗಲಿ. ಮೂರೂ ಒಳ್ಳೆಯ ಸುಳ್ಳುಗಳು, ಬಾದಾಮಿಯ ಅಜ್ಜಿ ಕೇಳಿದ್ದರೆ ಮೆಚ್ಚುತ್ತಿದ್ದಳು. ಆದರೆ ಎದುರಿಗೆ ಶಾಲೆಯ ಒಟ್ಟು ವಿದ್ಯಾರ್ಥಿವೃಂದ ಕೂತಿತ್ತು. ಆ ಎರಡು ತಿಂಗಳು ಎಲ್ಲಿದ್ದೆವು, ಏನು ಮಾಡಿದೆವು ಎಂಬುದಕ್ಕೆ ಆ ಇಬ್ಬರೇ ಸಾಕ್ಷಿ. ಇವತ್ತು ತಾನು ಏನು ಹೇಳಿದರೂ ಅದೇ ಇವತ್ತಿನ ಪಾಠ.

"ಕಲಿಸಿಲ್ರಿ ಅತ್ತಿ," ಅಂದಳು. "ಡಿಸೆಂಬರ್ ಹತ್ತರಿಂದ ಪುಸ್ತಕ ಮುಟ್ಟಿಲ್ಲ. ಮೊದಲ ಎಲ್ಲಾ ತುಂಬಿ ಇಟ್ಟೇನಿ. ಜನವರಿ ಐದರ ಮಟಾ ರಜಾ ಅಂತ ಮಾಡಿದ್ದೆ, ಅದು ಬೆಳಕೋತ ಹೋತು. ಹೋದ ಮಂಗಳವಾರ ಶುರು ಮಾಡೇವಿ, ಅದೂ ಸರಿಯಾಗಿ ಆಗಿಲ್ಲ." ಸ್ವಲ್ಪ ತಡೆದು ಸೇರಿಸಿದಳು, "ಹುಡುಗೂರದು ತಪ್ಪಿಲ್ಲ. ಸಾಲಿಗೆ ಮಾತ್ರ ಕಳಸಬ್ಯಾಡ್ರಿ."

ರತ್ನಾಬಾಯಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಪಕ್ಕದ ಮನೆಯ ಮಗ್ಗ ಅದೇ ಹೊತ್ತಿಗೆ ನಿಂತಿತು. ಮಹಾನಂದಾ ಗೋಡೆಗೆ ಕಿವಿ ಹಚ್ಚಿದ್ದಾಳೆಂಬುದರಲ್ಲಿ ಸಂಶಯವಿರಲಿಲ್ಲ.

"ಮೂವತ್ತಮೂರು ವರ್ಷ ನೌಕರಿ ಮಾಡೇನಿ," ಅಂದರು ಕೊನೆಗೆ. "ತಪಾಸಣಿಗೆ ಸಾಹೇಬರು ಬರ್ತಾರ ಅಂದ್ರ ನಾವೂ ಹಿಂದಿಂದು ಮುಂದಿಂದು ಕೂಡೇ ಬರೀತಿದ್ವಿ. ಖರೆ ಹೇಳಬೇಕಲ್ಲ." ಪುಸ್ತಕ ಮುಚ್ಚಿದರು. "ಆದ್ರ ಭಾನುವಾರ ಬಿಟ್ಟು ಬರೀತಿದ್ವಿ. ಅಷ್ಟರ ಬುದ್ಧಿ ಬ್ಯಾಡೇನು?"

ಹೆಪ್ಸಿಬಾ ತಲೆ ತಗ್ಗಿಸಿದಳು.

"ಪುಸ್ತಕದ್ದು ಆತು. ಹುಡುಗೂರದು ಇನ್ನೂ ಐತಿ. ರೂತವ್ವಾ, ಬಾ ಇಲ್ಲಿ. ಏಳು ಸಾವಿರದ ಎರಡು ನೂರಾ ಐವತ್ನಾಕನ್ನ ಹದಿನೆಂಟರಿಂದ ಭಾಗಿಸು."

ರೂತ ವಹಿಯ ಮೇಲೆ ಬಗ್ಗಿದಳು. ನಾಲಿಗೆಯ ತುದಿ ಕಚ್ಚಿಕೊಂಡು ಬರೆದಳು, ಅಳಿಸಿದಳು, ಬರೆದಳು. ಹೆಪ್ಸಿಬಾ ದೂರದಿಂದಲೇ ಕತ್ತು ಚಾಚಿ ತಾನೂ ಮನಸ್ಸಿನಲ್ಲಿ ಮಾಡಿದಳು. ಎಪ್ಪತ್ತೆರಡರಲ್ಲಿ ಹದಿನೆಂಟು ನಾಲ್ಕು ಸಲ. ಐವತ್ತನಾಲ್ಕರಲ್ಲಿ ಮೂರು ಸಲ. ನಲವತ್ತಮೂರು. ರೂತಳ ವಹಿಯಲ್ಲೂ ನಲವತ್ತಮೂರು! ಆ ಒಂದು ಕ್ಷಣ ಹೆಪ್ಸಿಬಾಳ ಎದೆ ಊದಿಕೊಂಡಿತು. ಎಂಟು ವಾರ ಕಲಿಸದಿದ್ದರೂ ಕಲಿತ ಮಗಳು. ಅವಳು ಗಂಡನ ಕಡೆ ನೋಡಿ ಹುಬ್ಬು ಹಾರಿಸಿಯೂಬಿಟ್ಟಳು.

"ಬರೋಬ್ಬರಿ ಐತಿ ಅಲ್ರಿ ಅತ್ತಿ?"

ರತ್ನಾಬಾಯಿ ಸೊಸೆಯನ್ನೇ ನೋಡಿದರು. "ನಿಂದೆಷ್ಟು ಬಂತು?"

"ನಲವತ್ತಮೂರ ಬಂತು."

"ಹದಿನೆಂಟಕ್ಕ ಒಂದು ನೂರರಿಂದ ಗುಣಿಸಿದ್ರ ಎಷ್ಟು?"

"ಹದಿನೆಂಟು ನೂರು."

"ಬರೇ ನೂರಕ್ಕ ಹದಿನೆಂಟು ನೂರಾಗತೈತಿ. ಅಂದ ಮ್ಯಾಲ ನಲವತ್ತಮೂರಕ್ಕ ಏಳು ಸಾವಿರ ಹೆಂಗ ಆದೀತವಾ?"

ಸಂತೋಷಕುಮಾರ ಮೆಲ್ಲಗೆ ಫೋನ್ ತೆಗೆದು ಲೆಕ್ಕ ಹಾಕಿ, ನೋಡಿ, ಮತ್ತೆ ಕಿಸೆಗೆ ಇಟ್ಟುಕೊಂಡ. ಅವನ ಆ ಮೌನವೇ ಫಲಿತಾಂಶ.

"ಎಪ್ಪತ್ತೆರಡು ಮುಗೀತು. ಕೆಳಗ ಐದು ಇಳಸ್ತಿ. ಐದರಾಗ ಹದಿನೆಂಟು ಹೋಗತೈತೇನು?"

"ಇಲ್ಲ," ಅಂದರು ತಾಯಿ ಮಗಳು ಒಟ್ಟಿಗೆ.

"ಹೋಗಂಗಿಲ್ಲಂದ್ರ ಅಲ್ಲಿ ಸೊನ್ನಿ. ಆಮ್ಯಾಲ ನಾಕು. ನಾಕು ನೂರಾ ಮೂರು." ಕೆಂಪು ಪೆನ್ನು ರೂತಳ ವಹಿಯ ತನಕ ಬಂದು ನಿಂತಿತು. ಗುರುತು ಹಾಕಲಿಲ್ಲ. "ಹುಡುಗಿ ಕಲಿಸಿದ್ದನ್ನ ಕಲಿತಾಳ. ನೀ ಕಲಿಸಿದ್ದ ಹಿಂಗೈತಿ."

ಆಮೇಲೆ ಆಶೇರನ ಸರದಿ. ಮೂರರ ಮಗ್ಗಿಯಲ್ಲಿ ಏಳರ ತನಕ ಹೋಗಿ ಅಲ್ಲಿಂದ ಐದರ ಮಗ್ಗಿಗೆ ದಾಟಿದ. ಓದು ಮಾತ್ರ ಇಬ್ಬರದೂ ನೀರು ಕುಡಿದ ಹಾಗೆ. ಅಜ್ಜಿ ಕೊಟ್ಟ ಪೇಪರನ್ನು ಆಶೇರ ಜಾಹೀರಾತು ಸಮೇತ ಓದಿದ. ರೂತಳಿಗೆ ಒಂದು ಕತೆ ಹೇಳೆಂದರೆ ಹೂವಿನಲ್ಲಿ ಹುಟ್ಟಿದ ರಾಜಕುಮಾರಿಯನ್ನು ಮಲಪ್ರಭೆ ದಾಟಿಸಿ, ಗಿಳಿಯನ್ನು ತಾಯಿಗಿಂತ ಚೆನ್ನಾಗಿ ಮಾತಾಡಿಸಿದಳು. ರತ್ನಾಬಾಯಿ ಗಲ್ಲಕ್ಕೆ ಕೈ ಹಚ್ಚಿ ಪೂರ್ತಿ ಕೇಳಿದರು. ಹಿಂದೆ ಬರೀ ಹೂಂ, ಊಹೂಂ ಅನ್ನುತ್ತಿದ್ದ ಮೊಮ್ಮಗಳನ್ನು ಅವರೂ ಕಂಡವರೇ.

ಕತೆ ಮುಗಿದ ಮೇಲೆ ಮಗನನ್ನು ಕರೆದರು. "ಪ್ಯಾಟಿಗೆ ಹೋಗಿ ಬರ್ಯಾಕ ಪಾಟಿ ತೊಗೊಂಬಾ. ಮೂರು."

"ಎರಡು ಸಾಕಲ್ಲ ಅವ್ವಾ?"

"ಮೂರು ಅಂದೆ."

ಹೆಪ್ಸಿಬಾ ಖಾಲಿ ಕಪ್ಪನ್ನು ಕೆಳಗಿಟ್ಟಳು. "ಅತ್ತಿ, ಜೂನಿಗೆ..."

"ಏನಂತ ಮಾತಾಗಿತ್ತು? ನಪಾಸಾದವರು ಸಾಲಿಗೆ ಹೋಗಬೇಕು ಅಂತ. ಇವತ್ತ ಇಲ್ಲಿ ಯಾರ ನಪಾಸಾದ್ರು, ನೀನ ಹೇಳು."

ಹೆಪ್ಸಿಬಾ ಸುತ್ತ ನೋಡಿದಳು. ಮಗಳು ನೋಡುತ್ತಿದ್ದಳು, ಮಗ ನೋಡುತ್ತಿದ್ದ, ಗಂಡ ಚಪ್ಪಲಿ ಹುಡುಕುವ ನೆಪದಲ್ಲಿ ನೆಲ ನೋಡುತ್ತಿದ್ದ.

"ನಾನ ರೀ," ಅಂದಳು.

"ನಾಳಿ ಎಂಟಕ್ಕ ಇಲ್ಲೇ ಚಾಪಿ ಮ್ಯಾಲ ಕೂಡಬೇಕು. ಮಾರ್ಚ್ ಮುಗಿಯೂ ಮಟಾ ಗಣಿತ ನಂದು. ಕತಿ, ಓದು, ಬರಹ ನಿಂದು. ಹುಡುಗೂರು ಮನ್ಯಾಗ ಇರಲಿ." ಪೆನ್ನಿಗೆ ಟೊಪ್ಪಿಗೆ ಹಾಕಿದರು. "ನನಗೊಂದು ಹಾಸಿಗಿ ತಗದ ಇಡು. ಬಾಗಲಕೋಟ್ಯಾಗ ಟೀವಿ ಮುಂದ ಕುಂತು ಕುಂತು ನನಗೂ ಬ್ಯಾಸರ ಬಂದೈತಿ."

ರೂತಳ ಕೈ ಹೊಟ್ಟೆಯಿಂದ ಇಳಿದು ಪೇರಲಕಾಯಿಯ ಕಡೆಗೆ ಹೋಯಿತು.

ಮರುದಿನ ಐದೂವರೆಗೆ ಇಡೀ ಮನೆ ಎದ್ದಿತು. ಅಲಾರಂ ಬೇಕಾಗಲಿಲ್ಲ, ರತ್ನಾಬಾಯಿ ಬಚ್ಚಲಲ್ಲಿ ಕೊಡ ಇಟ್ಟ ಸದ್ದೇ ಸಾಕಾಯಿತು. ಎಂಟಕ್ಕೆ ಪಡಸಾಲೆಯಲ್ಲಿ ಮೂವರು ಸಾಲಾಗಿ ಕೂತರು. ಮೊದಲು ಆಶೇರ, ಆಮೇಲೆ ರೂತ, ಕೊನೆಗೆ ಸೆರಗು ಸಿಕ್ಕಿಸಿಕೊಂಡ ಹೆಡ್‌ಮಿಸ್ಟ್ರೆಸ್. ಮಗ್ಗ ಶುರುಮಾಡುವ ಮೊದಲು ಮಹಾನಂದಾ ಬಾಗಿಲಲ್ಲಿ ಇಣುಕಿದಳು.

"ಇದೇನ್ ಟೀಚರ, ನೀವೂ ಕುಂತೀರಿ?"

"ಹೊಸಾ ಎಡ್ಮಿಷನ್ ಬೇ," ಅಂದಳು ಹೆಪ್ಸಿಬಾ.

"ಮಾತು ಸಾಕು," ಅಂದರು ರತ್ನಾಬಾಯಿ. ಮಹಾನಂದಾ ತನಗೇ ಹೇಳಿದರೆಂದು ತಿಳಿದು ಓಡಿದಳು.

ಆಶೇರನಿಗೆ ಮೂರರ ಮಗ್ಗಿ, ಉಳಿದಿಬ್ಬರಿಗೂ ಒಂದೇ ಲೆಕ್ಕ. ಒಂಬತ್ತು ಸಾವಿರದ ಮುನ್ನೂರ ಅರವತ್ತನ್ನು ಹದಿನೈದರಿಂದ ಭಾಗಿಸಬೇಕು. ರೂತಳ ಬಳಪ ಸರಸರ ಓಡಿತು. ಹೆಪ್ಸಿಬಾ ಒಮ್ಮೆ ಮಾಡಿದಳು, ಶೇಷ ಉಳಿಯಿತು. ಎಂಜಲು ಬೆರಳಿನಿಂದ ಅಳಿಸಿ ಮತ್ತೊಮ್ಮೆ ಮಾಡಿದಳು, ಬೇರೆಯೇ ಶೇಷ ಉಳಿಯಿತು. ಅತ್ತೆ ಆಶೇರನ ಕಡೆ ತಿರುಗಿದ್ದು ನೋಡಿ, ತಲೆ ಕೆರೆದುಕೊಳ್ಳುವ ನೆಪದಲ್ಲಿ ಕಣ್ಣನ್ನು ಮೆಲ್ಲಗೆ ಮಗಳ ಪಾಟಿಯ ಕಡೆಗೆ ಹರಿಸಿದಳು.

ರೂತ ಎಡಗೈ ಅಡ್ಡ ಇಟ್ಟಳು.

"ನೋಡಿ ಬರೀಬ್ಯಾಡ ಮಮ್ಮಿ," ಅಂದಳು ಸಣ್ಣ ದನಿಯಲ್ಲಿ. "ನಿನಗ ಬರತೈತಿ. ನಿಧಾನಕ ಮಾಡು."

ಹೆಪ್ಸಿಬಾ ಪಾಟಿಯನ್ನು ಪೂರ್ತಿ ಒರೆಸಿದಳು. ಒಂಬತ್ತು ಸಾವಿರದ ಮುನ್ನೂರ ಅರವತ್ತು ಎಂದು ಮೇಲಿನಿಂದ ಮತ್ತೆ ಬರೆಯತೊಡಗಿದಳು.